ಜಟಕನ ಕಟ್ಟೆಯ ಮೂರನೇ ತಟ್ಟೆ

ಮೇ 6

ತುಕ್ಕು ಬಿಡಿಸಲು ಡೀಸೆಲ್ ಅಭಿಷೇಕ, ಮೂರನೇ ದಿನ. ಮಿಶನ್ನಿನ ಜೊತೆ ಬಂದ ಗೋಣಿಚೀಲದಿಂದ ಇಂದು ಹೊರಬಂದ ಮಹನೀಯರು: ಹೆಸರು ಗೊತ್ತಿಲ್ಲದ ಕಬ್ಬಿಣ ನಾಲ್ಕು, ಹೆಸರು ಗೊತ್ತಿದ್ದೂ ಕೆಲಸ ಗೊತ್ತಿಲ್ಲದವು ಎರಡು, ಸತ್ತ ಜಿರಳೆ ಒಂದು. ಇವರಲ್ಲಿ ಜಿರಳೆ ಮಾತ್ರ 'ನಾನು ಎಲ್ಲಿ ಕೂರುತ್ತೇನೆ ಹೇಳು' ಎಂದು ಸತಾಯಿಸಲಿಲ್ಲ.

ಮಿಲ್ಲಿಂಗ್ ಮಿಶನ್ ಕೊಟ್ಟಿಗೆಯಲ್ಲಿ, ಮೊದಲು ದನ ಕಟ್ಟುತ್ತಿದ್ದ ಕಡೆ ವಿರಾಜಮಾನ. ಹೊನ್ನಾವರದ ಗುಜರಿಯಿಂದ ಬಂದದ್ದು. ಗಣೇಶಣ್ಣ, ನನ್ನ ಅಣ್ಣ, ಬೈಕು ಮಾರಿ ಕೊಡಿಸಿದ. ಬೋಟಿನಲ್ಲಿ ಬಲೆ ಎಳೆದೆಳೆದು ತೆಗೆದುಕೊಂಡಿದ್ದ ಬೈಕು. ಈಗ ಬಂದರಿಗೆ ನಡೆದು ಹೋಗುತ್ತಾನೆ. ಮನೆಗೆ ಬಂದು ಚಪ್ಪಲಿ ಜೋರಾಗಿ ಬಿಡುತ್ತಾನೆ.

ಮಿಶನ್ ಮಾಡುವ ಕೆಲಸ ಸರಳ. ಹಲ್ಲಿರುವ ಕಟರ್ ತಿರುಗುತ್ತದೆ, ಕಬ್ಬಿಣ ಕೊರೆಯುತ್ತದೆ. ಆದರೆ ಯಾವುದನ್ನು ಹೇಗೆ ಹಿಡಿದು, ಎಷ್ಟು ತಿರುಗಿಸಿ ಕೊರೆಯಬೇಕು ಎನ್ನುವುದೆಲ್ಲ ಈ ಚೀಲದಲ್ಲಿದೆ. ಗುಜರಿಯವನನ್ನು ಕೇಳಿದ್ದೆ. "ಅದು ನಿಮಗೆ ಗೊತ್ತಿರ್ಬೇಕು, ಇಂಜಿನಿಯರ್ ಅಲ್ವಾ?" ಅಂದ. ಡಿಪ್ಲೊಮಾ. ನಮ್ಮ ಲ್ಯಾಬಿನಲ್ಲಿ ಈ ಮಿಶನ್ನಿಗೆ ಪ್ಲಾಸ್ಟಿಕ್ ಹೊದೆಸಿಟ್ಟಿದ್ದರು. ತಪಾಸಣೆಯ ದಿನ ತೆಗೆದರು. ಮರುದಿನ ಹೊದೆಸಿದರು. ನಾವು ಹೊದಿಕೆಯ ಚಿತ್ರ ಬರೆದು ಪಾಸಾದೆವು.

ಸಂಜೆ ಪಕ್ಕದ ಮನೆಯ ಬಂಗಾರಕ್ಕ ಬೇಲಿಯ ಆಚೆಯಿಂದ: "ಏ ಕಿಟ್ಟ, ಮಿಲ್ಲು ತಂದ್ಯಂತೆ? ಭತ್ತ ತರ್ಲಾ?"

ಗಂಭೀರವಾಗಿ ಹೇಳಿದೆ: "ತಾ ಬಂಗಾರಕ್ಕ. ಒಂದೊಂದೇ ಕಾಳು ವೈಸಿನ ಇಕ್ಕಳಕ್ಕೆ ಕಚ್ಚಿಸ್ಬೇಕು. ಮುಂದಿನ ಯುಗಾದಿಗೆ ಗಂಜಿ ಉಣ್ಬಹುದು."

ನಗಲಿಲ್ಲ. ಎರಡು ವರ್ಷದಿಂದ ನಗುವುದಿಲ್ಲ. ಶಿವ ಅವಳ ತಮ್ಮ. ಅವಳ ಮನೆಯಲ್ಲೇ ಬೆಳೆದವನು. ನನ್ನ ಎಲ್ಲ ಕಿತಾಪತಿಗೂ ಪಾರ್ಟ್‌ನರ್. ನಮ್ಮೂರು ಬೆಳಕೆಯ ಬಸ್ ಸ್ಟ್ಯಾಂಡಿಗೆ "ಬೆಳಕೆ ವಿಮಾನ ನಿಲ್ದಾಣ: ಭೂಸ್ವಾಧೀನ ಪೂರ್ಣಗೊಂಡಿದೆ" ಎಂದು ಬೋರ್ಡು ಬರೆದವನು ಅವನು, ಏಣಿ ಹಿಡಿದವನು ನಾನು. ಊರಿನವರಿಬ್ಬರು ನಂಬಿ, ನಿಜವಾಗಿಯೂ ತಾಲೂಕು ಕಚೇರಿಗೆ ಹೋಗಿ ಬಂದರು. ಅದೇ ಮಳೆಗಾಲ ಅಳಿವೆಯ ಬಾಯಿಯಲ್ಲಿ ಅಲೆ ಅವನನ್ನು ಬೋಟಿನಿಂದ ಎತ್ತಿಕೊಂಡು ಹೋಯಿತು. ಸಿಗಲಿಲ್ಲ.

ಮೇ 9

ಚೀಲದಲ್ಲಿದ್ದ L ಆಕಾರದ ಕಬ್ಬಿಣ, ಆ್ಯಂಗಲ್ ಪ್ಲೇಟು, ಕಾಣೆ. ತನಿಖಾ ಆಯೋಗ ರಚನೆ (ಅಧ್ಯಕ್ಷ, ಸದಸ್ಯ, ಪ್ಯೂನ್, ಮೂವರೂ ನಾನೇ). ಅಡುಗೆಮನೆಯಲ್ಲಿ ಪತ್ತೆ. ಪ್ಲಾಸ್ಟಿಕ್ ಸುತ್ತಿಕೊಂಡು ಮಾವಿನಮಿಡಿ ಭರಣಿಯೊಳಗೆ ಕೂತಿತ್ತು.

"ಉಪ್ಪು ಹಾಕಿದ ಮಿಡಿ ತೇಲ್ತಿತ್ತು, ಭಾರ ಬೇಕಾಗಿತ್ತು," ಎಂದಳು ಅಮ್ಮ. "ಆ ಚೀಲದಲ್ಲಿ ಇದೊಂದಾದ್ರೂ ಉಪಯೋಗಕ್ಕೆ ಬಂತಲ್ಲ."

ಆಯೋಗ ವರದಿ ಸಲ್ಲಿಸದೆ ವಿಸರ್ಜನೆಗೊಂಡಿತು.

ಮಧ್ಯಾಹ್ನ ಇನ್ನೊಂದು ಸೋಲು. ಕಟರ್ ಕೂರಿಸುವ ಉದ್ದ ಸರಳು, ಆರ್ಬರ್, ಎರಡಿವೆ. ಎರಡೂ ಮಿಶನ್ನಿನ ಬಾಯಿಗೆ ಹೋಗುತ್ತಿಲ್ಲ. ಅಳೆದೆ. ಎಣ್ಣೆ ಹಚ್ಚಿದೆ. ಬೈದೆ. ಕೊನೆಗೆ ಟಾರ್ಚು ಬಿಟ್ಟು ನೋಡಿದರೆ ಒಳಗೆ ಕಣಜ ಮಣ್ಣಿನ ಮನೆ ಕಟ್ಟಿದೆ. ಮೂರು ಕೋಣೆ. ತೆಗೆದ ಮೇಲೆ ಒಂದು ಸರಳು ಗಟ್ಟಿಯಾಗಿ ಕೂತಿತು. ಇನ್ನೊಂದು ಬೇರೆ ಯಾವುದೋ ಮಿಶನ್ನಿನದು. ಅನಾಥ. ಮೂಲೆಗೆ ನಿಲ್ಲಿಸಿದೆ.

ಮೇ 13

ಇವತ್ತು ಚೀಲದ ತಳದಿಂದ ಮೂರು ತಟ್ಟೆ. ಊಟದ ತಟ್ಟೆಗಿಂತ ಚಿಕ್ಕವು, ನಡುವೆ ದೊಡ್ಡ ತೂತು, ಸುತ್ತಲೂ ಸಣ್ಣ ಸಣ್ಣ ತೂತುಗಳ ವರ್ತುಲ. ಒಂದರೊಳಗೆ ಒಂದು. ಯಾವುದೋ ಜಾಲರಿ ಇರಬೇಕು. ಶಾವಿಗೆ ಒತ್ತಲು ತೂತು ದೊಡ್ಡದಾಯಿತು, ಅಕ್ಕಿ ಬಸಿದರೆ ನಡುವಿನ ತೂತಿನಲ್ಲೇ ಹೋಗುತ್ತದೆ. ನಿರುಪಯೋಗಿ.

ಆದರೆ ಚೆಂದ. ಬಿಸಿಲಿಗೆ ಹಿಡಿದರೆ ನೆಲದ ಮೇಲೆ ಬೆಳಕಿನ ಚುಕ್ಕಿಗಳು ಸುತ್ತುತ್ತವೆ.

ತಲೆಯಲ್ಲಿ ಏನೋ ಸುತ್ತಿತು. ಬಹಳ ದಿನದ ಮೇಲೆ.

ಮೇ 14, ಬೆಳಿಗ್ಗೆ 5.40

ಶ್ರೀ ಶ್ರೀ ಕೃಷ್ಣಾನಂದರ ಅಮೃತಹಸ್ತದಿಂದ ಪ್ರತಿಷ್ಠಾಪನಾ ಮಹೋತ್ಸವ ಸಾಂಗವಾಗಿ ನೆರವೇರಿತು. ಸ್ಥಳ: ಊರು ಕಾಯುವ ದೈವ ಜಟಕನ ಕಟ್ಟೆ, ಹೊನ್ನೆಮರದ ಬುಡ, ಬೆಳಕೆ. ಸಾಮಗ್ರಿ: ಬೈಂಡಿಂಗ್ ವಾಯರ್, ಅಮ್ಮನ ದೇವರಗೂಡಿನ ಕುಂಕುಮ, ತಟ್ಟೆ ಒಂದು. ಮೂರರಲ್ಲಿ ಅತಿ ಹೆಚ್ಚು ತೂತಿರುವುದನ್ನೇ ಆರಿಸಿದೆ. ದೇವರಿಗೆ ಕೊಡುವಾಗ ಕಳಪೆ ಕೊಡಬಾರದು.

ಮಂತ್ರ: ವಿಮಾನ ನಿಲ್ದಾಣದ ಬೋರ್ಡಿನ ಒಕ್ಕಣೆ.

ಮೇ 17

ಮೊದಲ ದಿನ ನಾಲ್ಕು ದಾಸವಾಳ. ಎರಡನೇ ದಿನ ಊದುಬತ್ತಿ. ಇವತ್ತು ಗಣೇಶಣ್ಣ ದುಡಿಯುವ ಬೋಟಿನ ಯಜಮಾನ ಕಮಲಾಕರಣ್ಣ ಸ್ಕೂಟಿಯಲ್ಲಿ ಬರುತ್ತ ಎರಡೂ ಕೈ ಬಿಟ್ಟು ನಮಸ್ಕರಿಸಿ ಚರಂಡಿಗೆ ಇಳಿಯುವುದರಲ್ಲಿದ್ದ.

ಊರಿಗೇ ಹಿರಿಯ ಕುಪ್ಪಜ್ಜ ಕಟ್ಟೆಯ ಮೇಲೆ ಕೂತು ವ್ಯಾಖ್ಯಾನ: "ಈ ಚಕ್ರ ಹೊಸ್ದಲ್ಲ. ನನ್ನಪ್ಪ ಇದ್ದಾಗ್ಲೇ ಇತ್ತು. ಮಣ್ಣಲ್ಲಿ ಹುಗ್ದಿತ್ತು."

ಕೇಳಿದೆ: "ಅಜ್ಜಾ, ಅಂದ್ರೆ ಜಟಕನೇ ಮೇಲೆ ತಂದ್ನಾ?"

"ಮತ್ತೆ ನೀ ತಂದ್ಯಾ?"

ಮನೆಗೆ ಬಂದು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಗಬೇಕಾಗಿತ್ತು. ಒಬ್ಬನೇ ನಕ್ಕರೆ ಕೆಮ್ಮಿದ ಹಾಗೆ ಕೇಳುತ್ತದೆ. ಅಮ್ಮ ಒಳಗಿನಿಂದ "ಕಷಾಯ ಮಾಡ್ಲಾ?" ಅಂದಳು.

ಮೇ 22

ಇವತ್ತಿನ ಕಾರ್ಯಕ್ರಮ: ಅಶರೀರವಾಣಿ. ಪಿವಿಸಿ ಪೈಪಿನ ತುಂಡು ಹಿಡಿದು ಹೊನ್ನೆಮರದ ಹಿಂದೆ ಕೂತೆ. ಯಾರು ಬಂದರೂ "ಭಕ್ತಾ, ಹೆಲ್ಮೆಟ್ ಹಾಕು" ಎನ್ನುವುದೆಂದು ತೀರ್ಮಾನ.

ಬಂದದ್ದು ಬಂಗಾರಕ್ಕ. ಒಬ್ಬಳೇ. ಅಬ್ಬಲಿಗೆ ಮಾಲೆ ಹಾಕಿದಳು, ದೀಪ ಹಚ್ಚಿದಳು. ಪೈಪು ಬಾಯಿಗೆ ಇಟ್ಟುಕೊಂಡಿದ್ದೆ.

"ಜಟಕಪ್ಪಾ, ತಮ್ಮನ್ನ ಕೇಳ್ದೆ ತಕಂಡೆ. ಆತು. ಇವ್ರನ್ನ ಬಿಡು." ಇವರು ಅಂದರೆ ಗಂಡ ಸುಬ್ಬಣ್ಣ, ಕಮಲಾಕರಣ್ಣನ ಬೋಟಿನ ತಾಂಡೇಲ. ಬೋಟು ನಡೆಸುವವನು. "ಮಳೆಗಾಲದ ಬಂದ್ ಕಳ್ದ್ಮೇಲೆ ಆ ಬೋಟು ಇವ್ರನ್ನ ಕರ್ಕಂಡು ಹೋಗದಂಗೆ ಮಾಡು. ಎಂತ ಬೇಕಾದ್ರೂ ಮಾಡು. ನಾ ಹೇಳಿದ್ರೆ ಕೇಳುದಿಲ್ಲ. ಬೋಟೇ ಹಾಳಾಗ್ಲಿ."

ತುಂಬ ಹೊತ್ತು ಕೂತಿದ್ದಳು. ನನ್ನ ಕಾಲಿಗೆ ಕೆಂಪಿರುವೆ ಹತ್ತಿತು. ಅಲ್ಲಾಡಲಿಲ್ಲ.

ಅಶರೀರವಾಣಿ ರದ್ದು.

ಮೇ 30

ವರ್ಷದ ಕೊನೆಯ ಟ್ರಿಪ್ಪಿನಿಂದ ಬೋಟು ಬಂತು. ನಾಡಿದ್ದಿನಿಂದ ಎರಡು ತಿಂಗಳು ಮೀನುಗಾರಿಕೆ ಬಂದ್. ಗಣೇಶಣ್ಣ ಹೆಗಲ ಮೇಲೆ ಗೋಣಿಚೀಲ ಹೊತ್ತುಕೊಂಡು ಕೊಟ್ಟಿಗೆಗೇ ಬಂದ. ದಡ್ ಎಂದು ಇಳಿಸಿದ.

ಒಳಗೆ ಗೇರು. ಬಲೆ ಎಳೆಯುವ ವಿಂಚಿನ ದೊಡ್ಡ ಗೇರು. ಒಂದು ಕಡೆ ಹಲ್ಲುಗಳು ಸಾಲಾಗಿ ಉದುರಿವೆ, ಕುಪ್ಪಜ್ಜನ ಬಾಯಿ.

"ಬಲೆ ನೀರಲ್ಲಿರೋವಾಗ್ಲೇ ಹೋಯ್ತು," ಎಂದ. "ಕೈಯಲ್ಲಿ ಎಳ್ದ್ವಿ. ಆ ವಿಂಚ್ ಮಾಡಿದ ಕಂಪನಿಯೇ ಈಗ ಇಲ್ಲ. ಬೇರೆ ವಿಂಚ್ ಹಾಕ್ಬೇಕಂದ್ರೆ ಡೆಕ್ಕೇ ಒಡೀಬೇಕು. ಕಿಟ್ಟಾ, ನಿನ್ನ ಮಿಶನ್ನಲ್ಲಿ ಆಗ್ತದಾ?"

ತಮಾಷೆ ಮಾಡಲು ಬಾಯಿ ತೆರೆದೆ. ಅವನ ಅಂಗೈ ನೋಡಿದೆ. ಹಗ್ಗ ಸಿಗಿದು ಹಾಕಿತ್ತು.

"ಆಗ್ತದೆ," ಅಂದೆ.

ಬಂಗಾರಕ್ಕ ಕೇಳಿದ್ದು "ಬೋಟೇ ಹಾಳಾಗ್ಲಿ." ಎಂಟು ದಿನಕ್ಕೆ ಆಯಿತು. ಸಂಜೆ ಕಟ್ಟೆಯ ಮೇಲೆ ಹಾಲುಪಾಯಸದ ನೈವೇದ್ಯ. ನನಗೂ ಒಂದು ಲೋಟ ಬಂತು. ಕುಡಿದೆ. ಚೆನ್ನಾಗಿತ್ತು.

ಜೂನ್ 3

ಕಮಲಾಕರಣ್ಣನ ದಿವ್ಯ ಆಗಮನ. ಮಿಶನ್ನಿಗೆ ಒಂದು ಸುತ್ತು ಬಂದ, ಸಂತೆಯಲ್ಲಿ ಎತ್ತು ನೋಡುವ ಹಾಗೆ.

"ಆಗಸ್ಟ್ ಒಂದಕ್ಕೆ ಗೇರ್ ಕೂತಿರ್ಬೇಕು. ಕೂತ್ರೆ ಬಂದರಿನ ಎಲ್ಲಾ ಬೋಟಿನ ಕೆಲ್ಸ ನಿನ್ನ ಕೊಟ್ಟಿಗೆಗೆ ತರ್ಸೂದು ನನ್ನ ಜವಾಬ್ದಾರಿ. ಕೂರ್ಲಿಲ್ಲಾಂದ್ರೆ ಬೋಟು ಮಲ್ಪೆಯವ್ರಿಗೆ ಕೊಟ್ಟು ನಾ ಕೈ ತೊಳ್ಕಂತೆ. ನಿನ್ನ ಅಣ್ಣ, ಸುಬ್ಬ, ಎಲ್ಲ ಬೇರೆ ದಾರಿ ನೋಡ್ಕಳ್ಳಿ."

ಹೋಗುವಾಗ: "ನೀ ತಮಾಷೆ ಮಾಡೂ ಹುಡ್ಗ ಅಂತ ಎಲ್ರೂ ಹೇಳ್ತ್ರು. ಗಣೇಶನ ಮುಖ ನೋಡಿ ಕೊಟ್ಟದ್ದು."

ನನ್ನ ಮುಖ ನೋಡಿ ಯಾರೂ ಏನೂ ಕೊಟ್ಟಿದ್ದಿಲ್ಲ. ದಾಖಲಿಸಲಾಗಿದೆ.

ಜೂನ್ 16

ಹದಿನೈದು ದಿನ ಮಳೆ, ಕರೆಂಟು ಇದ್ದರೆ ಇದೆ. ಚೀಲದ ಒಬ್ಬೊಬ್ಬರನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ವೀಡಿಯೊ ನೋಡಿ ಗುರುತಿನ ಪರೇಡು.

ಶುಭವಾರ್ತೆ: ಗ್ರೀಸಿನ ಡಬ್ಬಿಯೊಳಗೆ, ಹಳೇ ಪೇಪರಿನಲ್ಲಿ ಸುತ್ತಿಟ್ಟ ಗೇರ್ ಕಟರ್. ಮುರಿದ ಗೇರಿನ ಹಲ್ಲಿನ ಸಂದಿಗೆ ಇಟ್ಟರೆ ಬೆಳಕು ಸಹ ತೂರಲಿಲ್ಲ. ಕೂಗಿಬಿಟ್ಟೆ. ಅಮ್ಮ ಹಾವು ಅಂದುಕೊಂಡಳು.

ಇನ್ನೊಂದು: ಆಮೆಯ ಹಾಗಿರುವ ಭಾರದ ಪೆಟ್ಟಿಗೆ. ಪಕ್ಕಕ್ಕೊಂದು ಹ್ಯಾಂಡಲ್. ನಾನು ಇಷ್ಟು ದಿನ ಮಳೆಗೆ ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಇಟ್ಟದ್ದು. ಅದರ ಹೆಸರು ಡಿವೈಡಿಂಗ್ ಹೆಡ್. ಗೇರನ್ನು ಹಿಡಿದುಕೊಂಡು ಹಲ್ಲಿನಿಂದ ಹಲ್ಲಿಗೆ ಸಮನಾಗಿ ತಿರುಗಿಸುವ ಸಾಧನ. ಅದಿಲ್ಲದೆ ಗೇರೇ ಇಲ್ಲ.

ಬಾಗಿಲಿಗೆ ಈಗ ಒನಕೆ.

ಜೂನ್ 18

ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಹ್ಯಾಂಡಲ್ ನಲವತ್ತು ಸುತ್ತು ತಿರುಗಿದರೆ ಗೇರು ಒಂದು ಸುತ್ತು. ನಮ್ಮ ಗೇರಿಗೆ ನಲವತ್ತೇಳು ಹಲ್ಲು. ಇದ್ದ ಹಲ್ಲು, ಹಲ್ಲಿದ್ದ ಜಾಗ ಸೇರಿಸಿ ಎಣಿಸಿದ್ದು. ಅಂದರೆ ಒಂದೊಂದು ಹಲ್ಲಿಗೂ ಹ್ಯಾಂಡಲ್ ಪೂರ್ತಿ ಸುತ್ತು ಬರುವ ಮೊದಲೇ ನಿಲ್ಲಬೇಕು. ಎಲ್ಲಿ? ಅದನ್ನು ತೋರಿಸಲಿಕ್ಕೆ ಹೆಡ್ಡಿನ ಹಿಂದೆ ತೂತುಗಳ ತಟ್ಟೆ ಕೂರುತ್ತದೆ. ಹ್ಯಾಂಡಲಿನ ಮೊಳೆ ತೂತಿಗೆ ಬೀಳುತ್ತದೆ. ನಲವತ್ತೇಳು ಹಲ್ಲಿಗೆ ನಲವತ್ತೇಳು ತೂತಿನ ವರ್ತುಲವೇ ಬೇಕು. ಪ್ರತಿ ವರ್ತುಲದ ಪಕ್ಕ ಅದರ ಸಂಖ್ಯೆ ಒತ್ತಿರುತ್ತದೆ.

ಮೊದಲನೇ ತಟ್ಟೆ ಇಪ್ಪತ್ತಕ್ಕೆ ಮುಗಿಯಿತು. ಎರಡನೆಯದು ಮೂವತ್ತಮೂರಕ್ಕೆ.

ಮೂರನೆಯದಕ್ಕೆ ಕುಂಕುಮ ಹಚ್ಚುವಾಗ ಹೆಬ್ಬೆರಳಿಗೆ ಸಿಕ್ಕಿದ್ದ ಉಬ್ಬುತಗ್ಗು ನೆನಪಿದೆ. ನಾಲ್ಕು. ಏಳು.

ಕಳಪೆ ಕೊಡಬಾರದಂತೆ.

ಜೂನ್ 19

ಮಳೆಯಲ್ಲೇ ಕಟ್ಟೆಗೆ ಹೋದೆ. ಬಿಚ್ಚಿಕೊಂಡು ಬರುವುದು ಎರಡು ನಿಮಿಷದ ಕೆಲಸ. ಬಂಗಾರಕ್ಕ ಅಲ್ಲಿದ್ದಳು. ದೀಪಕ್ಕೆ ಮಳೆ ಹನಿಸಬಾರದೆಂದು ಚಕ್ರದ ಮೇಲೆ ತಗಡಿನ ಮಾಡು ಕಟ್ಟುತ್ತಿದ್ದಳು. ನನ್ನ ಕೈಗೇ ಮೂಲೆ ಹಿಡಿಯಲು ಕೊಟ್ಟಳು. ಹಿಡಿದೆ.

"ಬಂಗಾರಕ್ಕ, ಇದನ್ನ ನಾಲ್ಕು ದಿನ ನಂಗೆ ಕೊಡು. ಮಿಶನ್ನಿಗೆ ಬೇಕು."

"ದೇವ್ರ ಸಾಮಾನು ಮಿಶನ್ನಿಗಾ?"

"ದೇವ್ರದ್ದಲ್ಲ. ಮಿಶನ್ನಿದೇ. ನಾನೇ ಕಟ್ಟಿದ್ದು ಇಲ್ಲಿ. ತಮಾಷೆಗೆ."

ನನ್ನನ್ನು ನೋಡಿದಳು. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು.

"ವಿಮಾನ ಬತ್ತು ಅಂತ ಹೇಳ್ದವ್ರಲ್ದಾ ನೀವು," ಎಂದಳು. "ನೀ ಹೇಳ್ದದ್ದು ಯಾರು ನಂಬ್ತ್ರು ತಮಾ?"

"ಇದು ಖರೇ ಬಂಗಾರಕ್ಕ. ಶಿವನಾಣೆ."

ಆ ಹೆಸರು ತೆಗೆಯಬಾರದಿತ್ತು. ತಗಡು ಬಿಟ್ಟಳು. ಮೂಲೆ ನನ್ನ ಬೆರಳು ಕೊಯ್ದಿತು.

"ಅದಿದ್ದಲ್ಲೇ ಇರ್ಲಿ. ಕೈ ಹಚ್ಚಿದ್ರೆ ನಾ ಸುಮ್ನಿರುದಿಲ್ಲ. ಹೋಗು, ಬೆರಳಿಗೆ ಅರಿಶಿನ ಹಾಕ್ಕೊ."

ಬದುಕಿನಲ್ಲಿ ಮೊದಲ ಸಲ ಊರಿಗೆ ನಿಜ ಹೇಳಿದೆ. ಬೆಲೆ: ಬೆರಳು.

ಜೂನ್ 27

ಸುಬ್ಬಣ್ಣ ಮನೆಯಲ್ಲೇ ಇದ್ದಾನೆ. ಬೋಟು ಹೊರಡುವುದಿಲ್ಲವೆಂದು ಅವನಿಗೂ ಅನ್ನಿಸಿಬಿಟ್ಟಿದೆ. ಬೆಳಿಗ್ಗೆ ಗಂಡ ಹೆಂಡತಿ ಗದ್ದೆಯಲ್ಲಿ ಸಸಿ ನೆಟ್ಟಿ. ಸಂಜೆ ಹಳ್ಳದ ಬದಿ ಏಡಿ ಹಿಡಿಯುತ್ತಾರೆ. ಇವತ್ತು ಸುಬ್ಬಣ್ಣ ಕಾಲು ಜಾರಿ ಕೆಸರಿಗೆ ಕೂತ. ಬಂಗಾರಕ್ಕ ನಕ್ಕಳು. ಇಲ್ಲಿಗೆ ಕೇಳಿತು, ಕೊಟ್ಟಿಗೆಯ ಒಳಗೆ.

ಶಿವನ ನಗುವೇ. ಕೊನೆಗೆ ಕೀರಲಾಗುತ್ತದೆ.

ಗಣೇಶಣ್ಣ ಜಗಲಿಯಲ್ಲಿ ಫೋನು. ರತ್ನಾಗಿರಿಯ ಬೋಟಿನವರ ಹತ್ತಿರ ಅರ್ಧ ಹಿಂದಿ, ಅರ್ಧ ಕೊಂಕಣಿ. "ಹಾಂ, ಹಾಂ, ಯೇತಾಂ" ಎನ್ನುತ್ತಿದ್ದ, ಬರುತ್ತೇನೆ ಎಂದು. ಅಮ್ಮ ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

ಜುಲೈ 2

ಮಹಾಯೋಜನೆ. ದೇವರ ಡೂಪ್ಲಿಕೇಟ್ ಮಾಡುವುದು. ಕಂಪ್ಯೂಟರಿನಲ್ಲಿ ತಟ್ಟೆಯ ಚಿತ್ರ ಬರೆದು, ಪ್ರಿಂಟು ತೆಗೆದು, ತಗಡಿಗೆ ಅಂಟಿಸಿ ತೂತು ಕೊರೆದು, ಕುಂಕುಮ ಬಳಿದು ಕಟ್ಟೆಯಲ್ಲಿ ಅದನ್ನು ಕಟ್ಟುವುದು. ಅಸಲಿಯನ್ನು ಬಿಚ್ಚಿ ತರುವುದು. ಬಂಗಾರಕ್ಕನಿಗೆ ಗೊತ್ತಾಗಬಾರದು. ದೇವರಿಗೂ.

ಶಿರಾಲಿಯ ಝೆರಾಕ್ಸ್ ಅಂಗಡಿ. ಅಂಗಡಿಯ ಸಂಗೀತಾ ಪ್ರಿಂಟು ಹೊರಬರುವುದನ್ನು ನೋಡಿ:

"ಇದ್ಯಾವ ಯಂತ್ರ ಮಾರಾಯ? ಮನೆ ಬಾಗ್ಲಿಗಾ, ಅಂಗ್ಡಿಗಾ?"

"ಬೋಟಿಗೆ."

"ಲ್ಯಾಮಿನೇಶನ್ ಮಾಡ್ಲಾ?"

"ಬೇಡ. ಇದು ಉಸಿರಾಡ್ಬೇಕು."

ಭಕ್ತಿಯಿಂದ ಎರಡೂ ಕೈಯಲ್ಲಿ ಕೊಟ್ಟಳು.

ಜುಲೈ 5

ತೂತು ಕೊರೆಯುವ ಮೊದಲು ಪವಿತ್ರಾಗೆ ಫೋನು. ಕಾಗಾಲದವಳು, ಡಿಪ್ಲೊಮಾದಲ್ಲಿ ನನ್ನ ಬೆಂಚು, ಈಗ ಕುಮಟೆಯಲ್ಲಿ ಹುಡುಗರಿಗೆ ಮಿಶನ್ ಕಲಿಸುತ್ತಾಳೆ. ಹೊದಿಕೆ ತೆಗೆದು ಕಲಿಸುತ್ತಾಳಂತೆ. ನಕಲಿ ತಟ್ಟೆ ಅಸಲಿಯ ಹಾಗೆ ಕಾಣಲು ಯಾವ ತಗಡು ಒಳ್ಳೆಯದು ಎಂದು ಕೇಳಿದೆ. ಕಥೆ ಎಲ್ಲ ಹೇಳಬೇಕಾಯಿತು.

ಫೋನಿನಲ್ಲಿ ತುಂಬ ಹೊತ್ತು ನಗು. ಆಮೇಲೆ:

"ಏ ಬೆಪ್ಪೇ. ನಕಲಿ ಮಾಡೂಕೆ ಬತ್ತು ಅಂದ್ಮೇಲೆ ಅಸಲಿ ಎಂತಕೆ? ನಕಲಿನೇ ಮಿಶನ್ನಿಗೆ ಹಾಕು."

"ಕೈಯಲ್ಲಿ ಕೊರ್ದ ತೂತು. ಸರಿ ಇರುದಿಲ್ಲ."

"ಹ್ಯಾಂಡಲ್ ನಲವತ್ತು ಸುತ್ತಿಗೆ ಗೇರ್ ಒಂದು ಸುತ್ತು ಅಲ್ದಾ? ನೀ ತೂತಲ್ಲಿ ಮಾಡಿದ ತಪ್ಪು ಗೇರಿಗೆ ಹೋಗುವಾಗ ನಲವತ್ತರಲ್ಲಿ ಒಂದು ಪಾಲು. ವಿಂಚಿನ ಗೇರಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಪಾಪ, ಆ ಅಕ್ಕನ ದೇವ್ರನ್ನ ಅಲ್ಲೇ ಬಿಡು."

ಅಂದರೆ ದೇವರು ಕಟ್ಟೆಯಲ್ಲೇ ಇರಬಹುದು. ಬೋಟೂ ಹೋಗಬಹುದು. ದೇವರ ಅಗತ್ಯವೇ ಇಲ್ಲ.

ಕುಣಿಯಬೇಕಾಗಿತ್ತು. ಫೋನಿಟ್ಟು ಕೂತೆ. ಹಳ್ಳದ ಕಡೆಯಿಂದ ಸುಬ್ಬಣ್ಣನ ಮಾತು, ಬಂಗಾರಕ್ಕನ ಮಾತು. ಏಡಿ ದೊಡ್ಡದಾ ಚಿಕ್ಕದಾ ಎಂದು ಜಗಳ.

ಜುಲೈ 8

ಡ್ರಿಲ್ ಮುಟ್ಟಿಲ್ಲ.

ಆಗುವುದಿಲ್ಲ ಎಂದು ಹೇಳಿಬಿಡಬಹುದು. ತಟ್ಟೆ ಇಲ್ಲ, ಗೇರು ಆಗುವುದಿಲ್ಲ, ಮುಗಿಯಿತು. ನಂಬುತ್ತಾರೆ. ನನ್ನಿಂದ ಆಗುವುದಿಲ್ಲ ಎಂಬುದನ್ನು ಊರು ತಕ್ಷಣ ನಂಬುತ್ತದೆ.

ಆದರೆ ಗಣೇಶಣ್ಣ ರತ್ನಾಗಿರಿಗೆ ಹೋಗುತ್ತಾನೆ. ಅಲ್ಲೂ ಸಮುದ್ರವೇ. ಸುಬ್ಬಣ್ಣ ಮಾತ್ರ ಉಳಿಯುತ್ತಾನೆ.

ಜುಲೈ 9

ಕೊರೆದೆ. ಮನೆಯವರ ಹೊಟ್ಟೆಪಾಡು, ಅಣ್ಣನ ಬೈಕು, ಹೀಗೆಲ್ಲ ಬರೆಯಬಹುದು. ಸುಳ್ಳು. ಕೈ ತುರಿಸುತ್ತಿತ್ತು. ಆಗುತ್ತದೆ ಎಂದು ಗೊತ್ತಾದದ್ದನ್ನು ಆಗುವುದಿಲ್ಲ ಎಂದು ಹೇಳಿ ಸುಮ್ಮನಿರುವುದು ನನ್ನ ಕೈಗೆ ಬರುವುದಿಲ್ಲ.

ಜುಲೈ 17

ಮೊನ್ನೆ ಹೊನ್ನಾವರದಲ್ಲಿ ಲೇತಿಗೆ ಹಾಕಿ ಗುಂಡಗೆ ಮಾಡಿಸಿದ ಕಬ್ಬಿಣ ಬಂತು. ಮೊದಲನೆಯದು ಹಾಳು. ಹನ್ನೊಂದನೇ ಹಲ್ಲಿಗೆ ಕರೆಂಟು ಹೋಯಿತು, ಬಂದ ಮೇಲೆ ಹ್ಯಾಂಡಲ್ ಎಲ್ಲಿ ನಿಂತಿತ್ತು ಎಂದು ಮರೆತೆ. ಒಂದು ಹಲ್ಲು ಬ್ಲೇಡಿನ ಹಾಗೆ ತೆಳ್ಳಗೆ. ಗಣೇಶಣ್ಣ ಬೆರಳಿನಿಂದ ಮುಟ್ಟಿ ನೋಡಿದ. ಬಯ್ಯಲಿಲ್ಲ. ಇವತ್ತು ಇನ್ನೊಂದು ಕಬ್ಬಿಣ ಹೊತ್ತುಕೊಂಡು ಬಂದ. ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು.

ಜುಲೈ 24

ನಲವತ್ತೇಳು. ಕೊನೆಯ ಹಲ್ಲು ಮೊದಲ ಹಲ್ಲಿನ ಪಕ್ಕ ಬಂದು ಸರಿಯಾಗಿ ಕೂತಿತು.

ಬೆರಳಾಡಿಸಿದೆ, ಸುತ್ತಲೂ. ಎಲ್ಲ ಸಮ. ಇಷ್ಟು ಚೆಂದದ್ದನ್ನು ನನ್ನ ಕೈ ಈವರೆಗೆ ಮಾಡಿರಲಿಲ್ಲ. ತಮಾಷೆಯ ಒಂದು ಮಾತೂ ಹೊಳೆಯುತ್ತಿಲ್ಲ.

ಜುಲೈ 29

ವಿಂಚಿಗೆ ಕೂತಿತು. ಕಮಲಾಕರಣ್ಣ ತಾನೇ ಸ್ವಿಚ್ ಹಾಕಿದ. ಸದ್ದೇ ಇಲ್ಲ. ಬಂದರಿನ ನಾಲ್ಕು ಜನ ಬಂದು ನೋಡಿದರು. "ಬೆಳಕೆಯ ಕಿಟ್ಟ ಮಾಡಿದ್ದಾ? ಆ ವಿಮಾನದ ಕಿಟ್ಟ?" ಗಣೇಶಣ್ಣ ನನ್ನ ಭುಜದ ಮೇಲೆ ಕೈ ಇಟ್ಟ. ತುಂಬ ಹೊತ್ತು ತೆಗೆಯಲಿಲ್ಲ.

ಅಲ್ಲಿಂದಲೇ ಕಮಲಾಕರಣ್ಣ ಫೋನು ಹಚ್ಚಿದ. "ಸುಬ್ಬಾ, ಬಾ. ಗೇರ್ ಆತು."

ಮನೆಗೆ ಬರುವಾಗ ಬಂಗಾರಕ್ಕ ಬೇಲಿಯ ಹತ್ತಿರ ನಿಂತಿದ್ದಳು. ಏನಾದರೂ ಬಯ್ಯುತ್ತಾಳೆ ಎಂದು ನಿಂತೆ. ನನ್ನ ಕೈ ನೋಡಿದಳು, ಗ್ರೀಸು ಮೆತ್ತಿದ್ದ ಕೈ. ಒಳಗೆ ಹೋದಳು.

ಆಗಸ್ಟ್ 1

ಬೆಳಿಗ್ಗೆ ಬೋಟುಗಳು ಹೊರಟವು. ಪಟಾಕಿ, ತೆಂಗಿನಕಾಯಿ. ಎಲ್ಲರ ಮನೆಯವರೂ ಬಂದಿದ್ದರು. ಬಂಗಾರಕ್ಕ ಬರಲಿಲ್ಲ. ಸುಬ್ಬಣ್ಣ ಎರಡು ಸಲ ರಸ್ತೆಯ ಕಡೆ ನೋಡಿ ಸ್ಟೇರಿಂಗ್ ಹಿಡಿದ.

ಆಗಸ್ಟ್ 2

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಬಂಗಾರಕ್ಕ. ಕೈಯಲ್ಲಿ ತಟ್ಟೆ. ಹುಣಸೆಹುಳಿ ಹಾಕಿ ಉಜ್ಜಿದ್ದಾಳೆ, ಕುಂಕುಮದ ಕಲೆಯೂ ಇಲ್ಲ. ಒಂದೊಂದು ತೂತನ್ನೂ ಕಡ್ಡಿಯಿಂದ ಚೊಕ್ಕ ಮಾಡಿದ್ದಾಳೆ. ಮಿಶನ್ನಿನ ಮೇಲೆ ಇಟ್ಟಳು.

"ತಕೋ."

"ನಂಗೆ ಬೇಡ ಬಂಗಾರಕ್ಕ. ಕಟ್ಟೆಯಲ್ಲೇ ಇರ್ಲಿ."

"ಕೆಲ್ಸ ಮಾಡದ ಸಾಮಾನು ಕಟ್ಟೆ ಮೇಲೆ ಎಂತಕೆ?"

ಹೋದಳು. ಈಗ ಮೂರೂ ತಟ್ಟೆ ಇವೆ. ಸೆಟ್ ಪೂರ್ತಿಯಾಯಿತು. ಸಂಗ್ರಾಹಕರಿಗೆ ಅಭಿನಂದನೆಗಳು.

ಆಗಸ್ಟ್ 6

ಬೋಟು ತುಂಬಿ ಬಂತು, ಮರುದಿನವೇ ಮತ್ತೆ ಹೋಯಿತು. ಕಮಲಾಕರಣ್ಣ ಕೊಟ್ಟ ಮಾತಿನಂತೆ ಕೊಟ್ಟಿಗೆಯ ಮುಂದೆ ಮೂರು ಬೋಟಿನವರ ಮುರುಕು ಸಾಮಾನು. ಅಮ್ಮ ಆ್ಯಂಗಲ್ ಪ್ಲೇಟು ತೊಳೆದು ವಾಪಸು ಕೊಟ್ಟಳು, ಮಿಡಿ ಭರಣಿಗೆ ಬದಲಿ ಹಳ್ಳದ ಕಲ್ಲು ಹಾಕಿದ್ದಾಳೆ. ನಾನು ಮೇಸ್ತ್ರಿ ಆದೆ. ಯಾರೂ ತಮಾಷೆ ಕೇಳುತ್ತಿಲ್ಲ.

ಕಟ್ಟೆಯಲ್ಲಿ ತಗಡಿನ ಮಾಡು ಮಾತ್ರ ಉಳಿದಿದೆ. ಕೆಳಗೆ ಏನೂ ಇಲ್ಲ.

ಆಗಸ್ಟ್ 11, ಬೆಳಿಗ್ಗೆ

ನಿನ್ನೆಯಿಂದ ಗಾಳಿ. ಎಲ್ಲ ಬೋಟುಗಳಿಗೂ ವಾಪಸು ಬರಲು ಹೇಳಿದ್ದಾರೆ. ಬಂದವು. ಕಮಲಾಕರಣ್ಣನದು ಬಿಟ್ಟು. ಜೊತೆಗಿದ್ದ ಬೋಟಿನವರು ಹೇಳಿದ್ದು: "ನೀವು ಹೋಗಿ ಅಂದ್ರು. ವಿಂಚ್ ಚೆನ್ನಾಗಿ ಎಳೀತಿತ್ತು, ಇನ್ನೊಂದು ಬಲೆ ಬಿಟ್ರು."

ಸಮುದ್ರದ ನಡುವಿನ ನೇತ್ರಾಣಿ ಗುಡ್ಡದ ಮರೆಗೆ ನಿಂತಿರಬಹುದು ಎನ್ನುತ್ತಾರೆ. ಗಣೇಶಣ್ಣನ ಫೋನು ಹತ್ತುತ್ತಿಲ್ಲ. ಅಮ್ಮ ಕೇಳಿದಳು, "ಗುಡ್ಡದ ಮರೆಯಲ್ಲಿ ಟವರ್ ಸಿಗುದಿಲ್ಲ ಅಲ್ದಾ?" ಇಲ್ಲ ಎಂದೆ. ಗಂಭೀರವಾಗಿ.

ಆಗಸ್ಟ್ 11, ಮಧ್ಯಾಹ್ನ

ಇನ್ನೂ ಇಲ್ಲ.

ಕೊಟ್ಟಿಗೆಯಲ್ಲಿ ಕೂರಲಾಗಲಿಲ್ಲ. ತಟ್ಟೆ ತೆಗೆದುಕೊಂಡೆ, ಬೈಂಡಿಂಗ್ ವಾಯರ್ ತೆಗೆದುಕೊಂಡೆ. ಅಮ್ಮನ ಕುಂಕುಮ, ಈ ಸಲ ಕೇಳಿ. ಏನು ಎತ್ತ ಎನ್ನದೆ ಡಬ್ಬಿಯನ್ನೇ ಕೊಟ್ಟಳು.

ಕಟ್ಟೆಯಲ್ಲಿ ಬಂಗಾರಕ್ಕ ಇದ್ದಳು. ಬರೀ ಮರದ ಮುಂದೆ, ಸೆರಗು ತಲೆಗೆ ಹೊದ್ದುಕೊಂಡು. ಯಾವಾಗಿನಿಂದಲೋ. ಸೀರೆಯೆಲ್ಲ ಒದ್ದೆ. ತಟ್ಟೆಯನ್ನು ಅದೇ ಜಾಗದಲ್ಲಿ ಒತ್ತಿ ಹಿಡಿದು ವಾಯರ್ ಸುತ್ತತೊಡಗಿದೆ. ವಾಯರ್ ಜಾರಿತು. ಮತ್ತೆ ಸುತ್ತಿದೆ.

ಹಿಂದಿನಿಂದ ಬಂಗಾರಕ್ಕ:

"ಗಟ್ಟಿ ಕಟ್ಟಾ. ಹೋದ ಸಲ ನೀ ಕಟ್ಟಿದ್ದು ಸಡಿಲ ಆಗಿತ್ತು. ನೀ ಆ ಕಡೆ ಹೋದದ್ದೇ, ನಾನೇ ಬಂದು ಬಿಗಿ ಮಾಡಿದ್ದೆ."

ತಿರುಗಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸಮುದ್ರದ ಕಡೆ ನೋಡುತ್ತಿದ್ದಳು. ನಾನು ಇನ್ನೊಂದು ಸುತ್ತು ಹಾಕಿ ಬಿಗಿ ಮಾಡಿದೆ.